ಸಾಲದ ಕಾರಿಗೆ ವಿಮೆ: ಪಾಲಿಸಿ ಕಾಗದದಲ್ಲಿ ಏನೇನು ನೋಡಬೇಕು?

ಹೊಸ ಕಾರಿನ ಆರ್‌ಸಿ ಕೈಗೆ ಬಂದಾಗ ನಾವು ಮೊದಲು ನೋಡುವುದು ನಮ್ಮ ಹೆಸರನ್ನು. ಸಾಲ ಮಾಡಿ ಕೊಂಡಿದ್ದರೆ ಅಲ್ಲಿ ಇನ್ನೊಂದು ಹೆಸರೂ ಇರುತ್ತದೆ, ಬ್ಯಾಂಕಿನದು. ಇದಕ್ಕೆ ಹೈಪಾಥಿಕೇಷನ್ ಎನ್ನುತ್ತಾರೆ. ಏಜೆಂಟರು ಚಿಕ್ಕದಾಗಿ ‘ಎಚ್‌ಪಿ’ ಅನ್ನುವುದುಂಟು. ಕಾರು ಓಡಿಸುವವರು ನೀವು, ಆದರೆ ಕೊನೆಯ ಕಂತು ಕಟ್ಟುವವರೆಗೆ ಅದು ಬ್ಯಾಂಕಿಗೆ ಕೊಟ್ಟ ಭದ್ರತೆ. ಹಾಗಾಗಿ ಅದರ ವಿಮೆಯಲ್ಲೂ ಬ್ಯಾಂಕಿಗೆ ಪಾಲಿದೆ. ಈ ವಿಷಯವನ್ನು ಶೋರೂಮಿನಲ್ಲಿ ಕೀ ಕೊಡುವ ಗಡಿಬಿಡಿಯಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.

ಥರ್ಡ್ ಪಾರ್ಟಿ ಸಾಲದು

ಮೋಟಾರು ವಾಹನ ಕಾಯ್ದೆ 1988ರ 146ನೇ ಸೆಕ್ಷನ್ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಗೆ ಅದು ಪರಿಹಾರ ಕೊಡುತ್ತದೆ. ಅದೂ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ. ಮೂರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. ಆದರೆ ಗುದ್ದಿದ, ಕಳುವಾದ, ನೀರಿನಲ್ಲಿ ಮುಳುಗಿದ ನಿಮ್ಮದೇ ಕಾರಿಗೆ ಈ ವಿಮೆಯಿಂದ ಒಂದು ಪೈಸೆಯೂ ಬರುವುದಿಲ್ಲ.

ಬ್ಯಾಂಕಿನ ಚಿಂತೆ ಇರುವುದೇ ಅಲ್ಲಿ. ಆದ್ದರಿಂದ ಸಾಲದ ಕರಾರಿನಲ್ಲಿ, ಬಾಕಿ ಇರುವಷ್ಟು ಕಾಲವೂ ಸ್ವಂತ ಹಾನಿ ಸೇರಿದ ಪೂರ್ತಿ ವಿಮೆ ಇರಬೇಕು ಎಂಬ ಷರತ್ತು ಇರುತ್ತದೆ. ಜನ ಇದನ್ನು ಫುಲ್ ಇನ್ಶೂರೆನ್ಸ್ ಅಥವಾ ಫಸ್ಟ್ ಪಾರ್ಟಿ ಅನ್ನುತ್ತಾರೆ. ನೀವು ಕಟ್ಟದಿದ್ದರೆ ಬ್ಯಾಂಕೇ ಪ್ರೀಮಿಯಂ ಕಟ್ಟಿ ಅದನ್ನು ನಿಮ್ಮ ಸಾಲದ ಖಾತೆಗೆ ಸೇರಿಸಬಹುದು ಎಂಬ ಸಾಲೂ ಕರಾರಿನಲ್ಲಿ ಸಾಮಾನ್ಯ. ಕರಾರಿನ ಪ್ರತಿ ಮನೆಯಲ್ಲಿದ್ದರೆ ಆ ಪುಟವನ್ನು ಇವತ್ತೇ ತೆಗೆದು ಓದಿ.

ಹಾಗೆಂದು ಶೋರೂಮಿನವರು ತೋರಿಸಿದ ಪಾಲಿಸಿಯನ್ನೇ ತೆಗೆದುಕೊಳ್ಳಬೇಕಿಲ್ಲ. ಯಾವ ಕಂಪನಿಯದು ಎಂಬ ಆಯ್ಕೆ ನಿಮ್ಮದು. ಸಾಲದ ಕಾಗದಗಳ ಜೊತೆ ‘ಲೋನ್ ಪ್ರೊಟೆಕ್ಷನ್’ ಎಂಬ ಇನ್ನೊಂದು ಫಾರಂ ಬಂದರೆ ಗೊಂದಲ ಬೇಡ. ಅದು ಸಾಲಗಾರನಿಗೆ ಸಾವಿನಂಥ ಆಪತ್ತು ಬಂದರೆ ಬಾಕಿ ತೀರಿಸುವ ವಿಮೆ, ಕಾರಿನದ್ದಲ್ಲ.

ಎರಡು ಕೊನೆಯ ದಿನಾಂಕಗಳು

ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಅಪಾಯದ ಜಾಗ ಇದು. ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸಬೇಕು. ಆದರೆ ಸ್ವಂತ ಹಾನಿಯ ಭಾಗ ಸಾಮಾನ್ಯವಾಗಿ 1 ವರ್ಷದ್ದು. ಎರಡೂ ಒಂದೇ ಪಾಲಿಸಿ ಕಾಗದದಲ್ಲಿ ಅಕ್ಕಪಕ್ಕ ಇರುತ್ತವೆ.

ಕಾಗದ ತೆಗೆದು ನೋಡಿ. ಮೊದಲ ಪುಟದ ಮೇಲ್ಭಾಗದಲ್ಲಿ ‘ಓನ್ ಡ್ಯಾಮೇಜ್’ ಎದುರು ಒಂದು ಅವಧಿ, ‘ಲಯಬಿಲಿಟಿ’ ಅಥವಾ ‘ಥರ್ಡ್ ಪಾರ್ಟಿ’ ಎದುರು ಇನ್ನೊಂದು ಅವಧಿ ಕಾಣುತ್ತದೆ. ಎರಡರ ನಡುವೆ ಎರಡು ವರ್ಷದ ಅಂತರ. ದೂರದ ದಿನಾಂಕವನ್ನು ನೋಡಿ ‘ಇನ್ಶೂರೆನ್ಸ್ ಇನ್ನೂ ಇದೆ’ ಎಂದು ನೆಮ್ಮದಿಯಾಗಿರುವವರು ಬಹಳ ಮಂದಿ. ರಸ್ತೆಯಲ್ಲಿ ಪೊಲೀಸರು ತಡೆದರೂ ಥರ್ಡ್ ಪಾರ್ಟಿ ಚಾಲ್ತಿಯಲ್ಲಿರುವುದರಿಂದ ದಂಡ ಬೀಳದು. ಹಾಗಾಗಿ ಎಚ್ಚರಿಸುವವರೇ ಇರುವುದಿಲ್ಲ. ಎರಡನೇ ವರ್ಷ ಕಾರು ಕಳುವಾದ ದಿನವೇ ಸತ್ಯ ಗೊತ್ತಾಗುವುದು. ಕಾರೂ ಇಲ್ಲ, ವಿಮೆಯೂ ಇಲ್ಲ, ಕಂತು ಮಾತ್ರ ಇದೆ.

ಹತ್ತಿರದ ದಿನಾಂಕವನ್ನು ಮೊಬೈಲಿನಲ್ಲಿ ಒಂದು ತಿಂಗಳು ಮುಂಚಿತವಾಗಿ ನೆನಪಿಗೆ ಹಾಕಿಡಿ. ಒಂದು ದಿನ ತಪ್ಪಿದರೂ ಹೊಸ ಪಾಲಿಸಿಗೆ ಮುಂಚೆ ಕಂಪನಿ ಕಾರಿನ ತಪಾಸಣೆ ಕೇಳಬಹುದು. 90 ದಿನ ದಾಟಿದರೆ ಕ್ಲೇಮ್ ಮಾಡದೆ ಉಳಿಸಿಕೊಂಡು ಬಂದ ಎನ್‌ಸಿಬಿ (ನೋ ಕ್ಲೇಮ್ ಬೋನಸ್) ರಿಯಾಯಿತಿ ಹೋಗುತ್ತದೆ. ಮೊದಲ ವರ್ಷಕ್ಕೆ 20%ರಿಂದ ಶುರುವಾಗಿ 50%ವರೆಗೆ ಏರುವ ರಿಯಾಯಿತಿ ಅದು, ಕಳೆದುಕೊಳ್ಳುವಂಥದ್ದಲ್ಲ.

ಬ್ಯಾಂಕಿನ ಹೆಸರು ಇದೆಯೇ?

ಪಾಲಿಸಿಯಲ್ಲಿ ‘ಹೈಪಾಥಿಕೇಷನ್’ ಅಥವಾ ‘ಫೈನಾನ್ಶಿಯರ್’ ಎಂಬ ಜಾಗದಲ್ಲಿ ಸಾಲ ಕೊಟ್ಟವರ ಹೆಸರು ಇರಬೇಕು. ಆನ್‌ಲೈನಿನಲ್ಲಿ ನಾವೇ ನವೀಕರಿಸುವಾಗ ‘ಕಾರಿನ ಮೇಲೆ ಸಾಲವಿದೆಯೇ’ ಎಂಬ ಪ್ರಶ್ನೆ ದಾಟಿಹೋಗಿ ಆ ಜಾಗ ಖಾಲಿ ಉಳಿಯುವುದುಂಟು. ಆರ್‌ಸಿಯಲ್ಲಿರುವ ಹೆಸರೇ ಪಾಲಿಸಿಯಲ್ಲೂ ಇದೆಯೇ ಎಂದು ಹೋಲಿಸಿ. ಇಲ್ಲದಿದ್ದರೆ ಕಂಪನಿಗೆ ಬರೆದು ಸೇರಿಸಿಕೊಳ್ಳಿ. ಇದಕ್ಕೆ ಎಂಡಾರ್ಸ್‌ಮೆಂಟ್ ಎನ್ನುತ್ತಾರೆ.

ಬಂಪರ್ ಒಡೆದು ರಿಪೇರಿಗೆ ಹೋದಾಗ ಈ ಹೆಸರಿನಿಂದ ಹೆಚ್ಚು ವ್ಯತ್ಯಾಸವಾಗದು. ಹಣ ಸಾಮಾನ್ಯವಾಗಿ ಗ್ಯಾರೇಜಿಗೆ ಹೋಗುತ್ತದೆ. ವ್ಯತ್ಯಾಸ ಕಾಣುವುದು ಕಾರು ಕಳುವಾದಾಗ, ಇಲ್ಲವೇ ರಿಪೇರಿ ಖರ್ಚು ವಿಮಾ ಮೊತ್ತದ 75% ಮೀರಿ ‘ಟೋಟಲ್ ಲಾಸ್’ ಎಂದಾದಾಗ. ಆಗ ಹಣ ಮೊದಲು ಬ್ಯಾಂಕಿನ ಬಾಕಿಗೆ ಹೋಗುತ್ತದೆ, ಉಳಿದರೆ ನಿಮಗೆ.

ಉಳಿಯುತ್ತದೆಯೇ?

ಪಾಲಿಸಿಯಲ್ಲಿ ಐಡಿವಿ ಎಂಬ ಮೊತ್ತವಿರುತ್ತದೆ. ಟೋಟಲ್ ಲಾಸ್ ಆದರೆ ಸಿಗುವ ಹಣದ ಮಿತಿ ಅದು. ಕಾರಿಗೆ ವಯಸ್ಸಾದಂತೆ ಅದು ಇಳಿಯುತ್ತದೆ: ರೂಢಿಯ ಕೋಷ್ಟಕದ ಪ್ರಕಾರ 1 ವರ್ಷ ದಾಟಿದ ಕಾರಿಗೆ 20%, 2 ವರ್ಷ ದಾಟಿದರೆ 30%, 3 ದಾಟಿದರೆ 40% ಕಡಿತ. ಸಾಲವೂ ಇಳಿಯುತ್ತದೆ, ಆದರೆ ಮೊದಲ ವರ್ಷಗಳಲ್ಲಿ ಕಂತಿನ ದೊಡ್ಡ ಪಾಲು ಬಡ್ಡಿಗೆ ಹೋಗುವುದರಿಂದ ನಿಧಾನವಾಗಿ.

ಲೆಕ್ಕ ಹಾಕೋಣ. ಎಕ್ಸ್ ಶೋರೂಂ ಬೆಲೆ 10 ಲಕ್ಷ, ಅಷ್ಟಕ್ಕೂ ಸಾಲ, ಬಡ್ಡಿ 9%, ಅವಧಿ 7 ವರ್ಷ ಎಂದುಕೊಳ್ಳಿ. ಕಂತು ಸುಮಾರು 16,090 ರೂಪಾಯಿ. ಎರಡು ವರ್ಷ ತಪ್ಪದೆ ಕಟ್ಟಿದ ಮೇಲೂ ಬಾಕಿ ಸುಮಾರು 7.75 ಲಕ್ಷ. ಆ ಹೊತ್ತಿಗೆ ಐಡಿವಿ 7 ಲಕ್ಷ. ಅಂದರೆ ಕಾರು ಹೋದರೆ ಕ್ಲೇಮಿನ ಹಣವೆಲ್ಲ ಬ್ಯಾಂಕಿಗೆ ಸೇರಿಯೂ ಸುಮಾರು 75,000 ರೂಪಾಯಿ ಸಾಲ ನಿಮ್ಮ ತಲೆಯ ಮೇಲೆ ಉಳಿಯುತ್ತದೆ. ಪ್ರೀಮಿಯಂ ಇಳಿಸಲು ಐಡಿವಿ ಕಡಿಮೆ ಮಾಡಿಸಿದ್ದರೆ ಈ ಹೊರೆ ಇನ್ನೂ ಹೆಚ್ಚು. ಸಾಲದ ಕಾರಿಗೆ ಹಾಗೆ ಮಾಡಲೇಬೇಡಿ.

ಈ ಅಂತರ ತುಂಬುವುದಕ್ಕೆ ‘ರಿಟರ್ನ್ ಟು ಇನ್‌ವಾಯ್ಸ್’ ಎಂಬ ಹೆಚ್ಚುವರಿ ರಕ್ಷಣೆ ಇದೆ. ಇದು ಐಡಿವಿಗೂ ಕೊಂಡ ಬೆಲೆಗೂ ಇರುವ ವ್ಯತ್ಯಾಸವನ್ನು ಕೊಡುತ್ತದೆ. ಸಿಗುವುದು ಕಾರಿನ ಮೊದಲ ಕೆಲವು ವರ್ಷಗಳಿಗೆ ಮಾತ್ರ. ಮುಂಗಡ ಕಡಿಮೆ ಕೊಟ್ಟು ದೀರ್ಘಾವಧಿ ಸಾಲ ತೆಗೆದವರು ಇದನ್ನು ಬಿಡಬಾರದು. ಬೆಲೆಯ ಅರ್ಧವನ್ನು ಕೈಯಿಂದ ಕೊಟ್ಟವರಿಗೆ ಅಷ್ಟು ಅಗತ್ಯವಿಲ್ಲ. ಪ್ರತಿ ವರ್ಷ ನವೀಕರಿಸುವ ಮುಂಚೆ ಬ್ಯಾಂಕಿನಿಂದ ಬಾಕಿ ಮೊತ್ತ ಕೇಳಿ ಐಡಿವಿ ಪಕ್ಕದಲ್ಲಿ ಬರೆದು ನೋಡಿ. ಐದು ನಿಮಿಷದ ಕೆಲಸ.

ಕಾರು ಕಳುವಾದರೆ

ಕೂಡಲೇ ಪೊಲೀಸರಿಗೆ ದೂರು ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಿರಿ. ವಿಮಾ ಕಂಪನಿಗೂ ಬ್ಯಾಂಕಿಗೂ ತಡಮಾಡದೆ ತಿಳಿಸಿ. ಕಾರು ಪತ್ತೆಯಾಗಲಿಲ್ಲ ಎಂಬ ಪೊಲೀಸ್ ವರದಿ ಬರುವವರೆಗೆ ಕ್ಲೇಮ್ ಮುಗಿಯುವುದಿಲ್ಲ, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಅಷ್ಟೂ ದಿನ ಕಂತು ಕಟ್ಟುತ್ತಲೇ ಇರಬೇಕು. ಕಾರೇ ಇಲ್ಲವೆಂದು ಕಂತು ನಿಲ್ಲಿಸಿದರೆ ದಂಡ ಶುಲ್ಕ ಬೀಳುತ್ತದೆ, ಸಿಬಿಲ್ ಅಂಕ ಕೆಡುತ್ತದೆ.

ಸಾಲ ತೀರಿದ ಮೇಲೆ

ಬ್ಯಾಂಕಿನಿಂದ ಎನ್‌ಒಸಿ (ತನ್ನ ಆಕ್ಷೇಪವಿಲ್ಲ ಎಂಬ ಪತ್ರ) ಮತ್ತು ಹೈಪಾಥಿಕೇಷನ್ ರದ್ದತಿಗೆ ಸಹಿ ಮಾಡಿದ ಫಾರಂ 35 ಪಡೆದು ಆರ್‌ಟಿಒಗೆ ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ಎನ್‌ಒಸಿಗೆ ಅವಧಿಯ ಮಿತಿ ಇರುತ್ತದೆ, ಬೀರುವಿನಲ್ಲಿಟ್ಟು ಮರೆಯಬೇಡಿ. ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ, ಪಾಲಿಸಿಯಲ್ಲಿ ಹಳೆಯ ಹೆಸರು ಹಾಗೇ ಉಳಿಯುತ್ತದೆ. ಮುಂದೆ ಕ್ಲೇಮ್ ಬಂದಾಗ, ತೀರಿದ ಸಾಲಕ್ಕಾಗಿ ಮತ್ತೆ ಬ್ಯಾಂಕಿನ ಪತ್ರ ತರಲು ಅಲೆಯಬೇಕಾಗುತ್ತದೆ. ಹೊಸ ಆರ್‌ಸಿ ಮತ್ತು ಎನ್‌ಒಸಿಯ ಪ್ರತಿಗಳನ್ನು ವಿಮಾ ಕಂಪನಿಗೆ ಕಳಿಸಿ, ಬ್ಯಾಂಕಿನ ಹೆಸರಿಲ್ಲದ ಎಂಡಾರ್ಸ್‌ಮೆಂಟ್ ಪ್ರತಿ ನಿಮ್ಮ ಕೈಸೇರುವವರೆಗೆ ಬೆನ್ನುಹತ್ತಿ.