ಹಳೇ ಗ್ಯಾರೇಜ್ ಜಾಗದಲ್ಲಿ ಇಂಗುಗುಂಡಿ ಬೇಡ: ಮಳೆನೀರನ್ನು ಹೀಗೆ ದಾಟಿಸಿ

ಮಳೆನೀರು ಇಂಗಿಸಿ ಅಂತ ಮಂಗಳೂರಲ್ಲಿ ಎಲ್ಲರೂ ಹೇಳುತ್ತಾರೆ, ಒಳ್ಳೇದೇ. ಆದರೆ ನೀವು ತೆಗೆದುಕೊಂಡ 10 ಸೆಂಟ್ಸ್ ಜಾಗದಲ್ಲಿ ಮೊದಲು ಗ್ಯಾರೇಜೋ ಗುಜರಿ ಅಂಗಡಿಯೋ ಇತ್ತು ಅಂದರೆ ಆ ಮಾತು ಅಲ್ಲಿಗೆ ಹೊಂದುವುದಿಲ್ಲ. ಅಲ್ಲಿ ಇಂಗುವ ನೀರು ಮಣ್ಣಲ್ಲಿ ಕೂತ ಡೀಸೆಲ್, ಬ್ಯಾಟರಿ ಆಸಿಡ್ ಎಲ್ಲವನ್ನೂ ಕೆಳಕ್ಕೆ ಒಯ್ಯುತ್ತದೆ. ನಮ್ಮ ಮುರಕಲ್ಲು (ಕೆಂಪುಕಲ್ಲು) ತೂತು ತೂತು, ಪಕ್ಕದ ಮನೆಯ ಬಾವಿಗೆ ಅದು ತಲುಪುವುದು ಕಷ್ಟವೇನಲ್ಲ.

ಮೊದಲು ಬಾವಿ ನೋಡಿ. ನೀರಿನ ಮೇಲೆ ಬಣ್ಣಬಣ್ಣದ ಪದರ ಕಂಡರೆ ಒಂದು ಕಡ್ಡಿ ತೆಗೆದುಕೊಂಡು ಕಲಕಿ. ಚೂರುಚೂರಾಗಿ ಒಡೆದು ಹಾಗೇ ನಿಂತರೆ ಅದು ಹೆಚ್ಚಾಗಿ ಕಬ್ಬಿಣದ ಬ್ಯಾಕ್ಟೀರಿಯಾ, ನಮ್ಮ ಕೆಂಪು ಮಣ್ಣಲ್ಲಿ ಮಾಮೂಲು. ಕಡ್ಡಿ ತೆಗೆದ ಕೂಡಲೇ ಪದರ ಮತ್ತೆ ಕೂಡಿಕೊಂಡರೆ ಎಣ್ಣೆ. ಹೇಗಿದ್ದರೂ ನೀರನ್ನೂ ಮಣ್ಣನ್ನೂ ಲ್ಯಾಬಿಗೆ ಕೊಡಿ. ಕುದಿಸಿದರೆ ಹಳೇ ಬ್ಯಾಟರಿಯಿಂದ ಬಂದ ಸೀಸ ಹೋಗುವುದಿಲ್ಲ, ದಯವಿಟ್ಟು ಅದನ್ನು ನಂಬಿಕೊಂಡು ಕುಡಿಯಬೇಡಿ.

ಇನ್ನು ನೀರಿನ ಕೆಲಸ, ಮಳೆಗಾಲಕ್ಕೆ ಮುಂಚೆ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮೊದಲೇ ಮುಗಿಸಿ. ಗುಡ್ಡದ ಕಡೆಯಿಂದ ಬರುವ ನೀರು ಜಾಗದೊಳಗೆ ನುಗ್ಗದ ಹಾಗೆ ಮೇಲ್ಗಡೆ ಒಂದು ಕಣಿ (ಸಣ್ಣ ಕಾಲುವೆ) ತೋಡಿ ಸುತ್ತು ಹಾಕಿ ಕಳಿಸಿ. ಕಣಿಗೆ ಕಾಂಕ್ರೀಟ್ ಇರಲಿ, ಬರೀ ಮಣ್ಣಿನ ಕಣಿಯೂ ನೀರು ಇಂಗಿಸುತ್ತದೆ ಅಲ್ವಾ? ಮಾಡಿನ (ಛಾವಣಿಯ) ನೀರಿಗೆ ದಂಬೆ, ಅಂದರೆ ಸೂರಿನಂಚಿನಲ್ಲಿ ನೀರು ಹಿಡಿಯುವ ದೋಣಿ, ಕಟ್ಟಿ, ಪೈಪಿನಲ್ಲೇ ಹೊರಗಿನ ಚರಂಡಿಗೆ ಅಥವಾ ಟ್ಯಾಂಕಿಗೆ ಬಿಡಿ. 1,000 ಚದರಡಿ ಮಾಡಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು 9,000 ಲೀಟರ್, ಜೂನ್–ಜುಲೈನಲ್ಲಿ ಅಂಥ ದಿನಗಳಿಗೇನೂ ಬರವಿಲ್ಲ.

ಕಪ್ಪಾದ ಮಣ್ಣಿರುವ ಕಡೆ ಸಿಲ್ಪಾಲಿನ್ (ದಪ್ಪ ಪ್ಲಾಸ್ಟಿಕ್ ಟಾರ್ಪಾಲು) ಹಾಸಿ, ಅಂಚಿಗೆ ಮರಳುಚೀಲ ಇಡಿ. ಇದು ಒಂದು ಮಳೆಗಾಲಕ್ಕೆ ಮಾತ್ರ. ಮಳೆಯಲ್ಲಿ ಆ ಮಣ್ಣು ಅಗೆಯಲೇಬೇಡಿ.

ಕೊಳಕು ಅಂಗಳದಿಂದ ಹರಿಯುವ ನೀರನ್ನು ಸೀದಾ ತೋಡಿಗೆ (ಹಳ್ಳಕ್ಕೆ) ಬಿಡಬೇಡಿ, ಅದು ಕೊನೆಗೆ ಸೇರುವುದು ಫಲ್ಗುಣಿಗೋ ನೇತ್ರಾವತಿಗೋ, ಅಲ್ಲಿಂದ ನಾವು ತಿನ್ನುವ ಮೀನಿಗೆ. ನಡುವೆ ಒಂದು ಸಿಮೆಂಟ್ ತೊಟ್ಟಿ ಕಟ್ಟಿಸಿ. ಹೊರಹೋಗುವ ಪೈಪಿನ ಬಾಯಿ ನೀರೊಳಗೆ ಕೆಳಮುಖವಾಗಿ ಬಾಗಿರಲಿ. ಆಗ ಕೆಸರು ತಳದಲ್ಲಿ ಕೂರುತ್ತದೆ, ತೇಲುವ ಎಣ್ಣೆ ಮೇಲೇ ಉಳಿಯುತ್ತದೆ, ನಡುವಿನ ನೀರು ಮಾತ್ರ ಹೋಗುತ್ತದೆ. ಕರಗಿದ ವಿಷ ಇದರಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಲ್ಯಾಬ್ ವರದಿ ಕೆಟ್ಟದಾಗಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳದೆ ಹೊರಗೆ ಬಿಡಬೇಡಿ. ಎಣ್ಣೆ, ಕೆಸರನ್ನು ಮಂಡಳಿಯ ಅನುಮತಿ ಇರುವವರಿಗೇ ಕೊಡಿ.

ಮೊದಲ ದೊಡ್ಡ ಮಳೆಗೆ ಕೊಡೆ ಹಿಡಿದು ಒಂದು ಸುತ್ತು ಬನ್ನಿ. ಎಲ್ಲಿ ನೀರು ನಿಂತಿದೆಯೋ ಅಲ್ಲಿ ಇಳಿಜಾರು ಸರಿ ಇಲ್ಲ. ಸುಣ್ಣದಲ್ಲಿ ಗುರುತು ಹಾಕಿದರೆ ತೊಳೆದುಹೋಗುತ್ತದೆ, ಒಂದು ಗೂಟ ಹೊಡೆದು ಬನ್ನಿ.