ರಾಜಸ್ಥಾನ ಟೂರು: ಜೈಪುರ ಬಿಡಿ, ಜೋಧಪುರದಲ್ಲಿ ಇಳಿಯಿರಿ

ನಮ್ಮ ಹುಬ್ಬಳ್ಳಿ-ಧಾರವಾಡ ಕಡೆಯವರು ರಾಜಸ್ಥಾನಕ್ಕೆ ಹೋಗಿ ಬಂದ ಮೇಲೆ ಕೋಟೆ ಹೇಗಿತ್ತು ಅಂತ ಕೇಳಿ ನೋಡಿ. ಅರ್ಧ ಜನ ಗಾಡಿಯಲ್ಲಿ ಕೂತ ಕಥೆಯನ್ನೇ ಹೇಳುತ್ತಾರೆ. ಸೊಂಟ ಹಿಡಿದದ್ದು, ಮಗು ವಾಂತಿ ಮಾಡಿದ್ದು, ಜೈಸಲ್ಮೇರ್ ಮುಟ್ಟುವಷ್ಟರಲ್ಲಿ ಕತ್ತಲಾದದ್ದು. ಒಂದೇ ವಾರದಲ್ಲಿ ಐದು ಊರು ತೋರಿಸುತ್ತೇವೆ ಅನ್ನುವ ಪ್ಯಾಕೇಜಿನವರು ಫೋಟೊ ತೋರಿಸುತ್ತಾರೆ, ನಕಾಶೆ ತೋರಿಸುವುದಿಲ್ಲ.

ಹಾಗಾಗಿ ಮೊದಲ ಕೆಲಸ ನಕಾಶೆ ತೆಗೆಯುವುದು. ಇಡೀ ಟೂರು ಕೆಡುವುದು ಇಲ್ಲೇ. ಜೈಪುರದಿಂದ ಬಿಕಾನೇರ್ ಸುಮಾರು 330 ಕಿ.ಮೀ. ಅಲ್ಲಿಂದ ಜೈಸಲ್ಮೇರ್ ಮತ್ತೆ ಅಷ್ಟೇ. ಜೈಸಲ್ಮೇರ್‌ನಿಂದ ಜೋಧಪುರ ಸುಮಾರು 280, ಅಲ್ಲಿಂದ ಉದಯಪುರ 250. ಕೂಡಿಸಿ ನೋಡಿ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಮೂರು ಸಲ ಹೋದಷ್ಟಾಯಿತು. ಊರೊಳಗಿನ ಓಡಾಟ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ನನ್ನ ಮಾತು ಕೇಳುವುದಾದರೆ ಎರಡೇ ಊರು: ಜೋಧಪುರ, ಜೈಸಲ್ಮೇರ್. ಒಂದೊಂದರಲ್ಲೂ ಕನಿಷ್ಠ ಎರಡು ರಾತ್ರಿ. ಇನ್ನೂ ರಜೆ ಉಳಿದರೆ ಮಾತ್ರ ಬಿಕಾನೇರ್ ಸೇರಿಸಿ. ಅಲ್ಲಿನ ಜುನಾಗಢ ಕೋಟೆ ಗುಡ್ಡದ ಮೇಲಿಲ್ಲ, ಸಮತಟ್ಟು ನೆಲದಲ್ಲಿದೆ. ಮೊಣಕಾಲು ನೋವಿರುವವರಿಗೆ ಅದು ದೊಡ್ಡ ಅನುಕೂಲ. ಜೈಪುರ ಚೆಂದದ ಊರು, ಇಲ್ಲ ಅನ್ನುವುದಿಲ್ಲ. 1727ರಲ್ಲಿ ಸವಾಯಿ ಜೈಸಿಂಗ್ ಗೆರೆ ಎಳೆದು ಕಟ್ಟಿಸಿದ್ದು, ಜಂತರ್ ಮಂತರ್ ಇದೆ, ಪಕ್ಕದಲ್ಲೇ ಆಮೇರ್ ಕೋಟೆ ಇದೆ. ಆದರೆ ಮರಳುಗಾಡು ನೋಡಬೇಕಾದರೆ ಅಲ್ಲಿಂದ ಮತ್ತೆ ಇಡೀ ದಿನ ಪಶ್ಚಿಮಕ್ಕೆ ಹೋಗಬೇಕು. ಅದನ್ನು ಮುಂದೆ ಯಾವತ್ತಾದರೂ ದಿಲ್ಲಿ, ಆಗ್ರಾ ಜೊತೆ ನೋಡಿಕೊಂಡರಾಯಿತು. ಜೈಪುರ ನೋಡಲಿಲ್ವಾ ಅಂತ ಬೀಗರು ಕೇಳುತ್ತಾರೆ. ಕೇಳಲಿ ಬಿಡಿ.

ಜೋಧಪುರ ಯಾಕೆ ಅಂದರೆ ಹುಬ್ಬಳ್ಳಿ ಮೇಲೆ ಹೋಗುವ ನೇರ ರೈಲಿದೆ. ಬೆಳಗಾವಿ, ಮೀರಜ್, ಪುಣೆ, ಅಹಮದಾಬಾದ್ ದಾಟಿ ಹೋಗುತ್ತದೆ, ಸುಮಾರು ಒಂದೂವರೆ ದಿನದ ಪ್ರಯಾಣ. ದಿನಾ ಓಡುವುದಿಲ್ಲ, ಆದ್ದರಿಂದ ಮೊದಲು ರೈಲಿನ ವಾರ ನೋಡಿ, ಆಮೇಲೆ ರಜೆ ಹಾಕಿ. ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ಬರುವ ಟಿಕೆಟನ್ನೂ ಆಗಲೇ ನೋಡಿಕೊಳ್ಳಿ. ಗದಗದವರು ಹುಬ್ಬಳ್ಳಿಗೆ ಬಂದು ಹತ್ತಿದರೆ ಸಲೀಸು. ವಿಮಾನದಲ್ಲಿ ಹೋದರೆ ದುಡ್ಡೂ ಜಾಸ್ತಿ, ನಡುವೆ ಎಲ್ಲೋ ಇಳಿದು ಕಾಯುವುದೂ ಇದ್ದದ್ದೇ.

ಇನ್ನೊಂದು ಉಪಾಯ. ಹುಬ್ಬಳ್ಳಿಯಲ್ಲಿ ನೀವು ಬಟ್ಟೆ, ಹಾರ್ಡ್‌ವೇರ್ ತರುವ ಮಾರ್ವಾಡಿ ಸೇಠ್‌ರನ್ನು ಒಂದು ಮಾತು ಕೇಳಿ. ಅವರಲ್ಲಿ ಬಹಳ ಜನರ ಮೂಲ ಊರು ಪಾಲಿ, ಜಾಲೋರ್, ಸಿರೋಹಿ ಕಡೆ. ಯಾವ ಧರ್ಮಶಾಲೆ ಚೊಕ್ಕಟ, ಈಗ ಚಳಿ ಎಷ್ಟಿದೆ ಅಂತ ಇಂಟರ್ನೆಟ್ಟಿನ ರಿವ್ಯೂಗಿಂತ ಚೆನ್ನಾಗಿ ಹೇಳುತ್ತಾರೆ.

ಯಾವಾಗ ಹೋಗಬೇಕು? ನವೆಂಬರ್ ನಡುವಿನಿಂದ ಫೆಬ್ರುವರಿ. ಬೇಸಿಗೆ ರಜೆಯಲ್ಲಿ ಬೇಡವೇ ಬೇಡ, 45 ಡಿಗ್ರಿ ದಾಟುತ್ತದೆ. ದಸರಾ ರಜೆಯಲ್ಲೂ ಮಧ್ಯಾಹ್ನದ ಬಿಸಿಲು ಕಡಿಮೆಯೇನಲ್ಲ. ದೀಪಾವಳಿ ಮುಗಿದ ವಾರ ಗುಜರಾತಿನ ಜನವೆಲ್ಲ ಅಲ್ಲೇ ಇರುತ್ತಾರೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ರೂಮಿನ ರೇಟು ಮುಟ್ಟುವ ಹಾಗಿಲ್ಲ. ಸಂಕ್ರಾಂತಿ ಆದ ಮೇಲೆ ಹೋಗಿ. ಮಕ್ಕಳಿಗೆ ನಾಲ್ಕು ದಿನ ಶಾಲೆ ತಪ್ಪಿದರೆ ಏನೂ ಆಗುವುದಿಲ್ಲ. ಮಾಘ ಹುಣ್ಣಿಮೆ ಹೊತ್ತಿಗೆ ಜೈಸಲ್ಮೇರ್‌ನಲ್ಲಿ ಮರು ಮಹೋತ್ಸವ, ಅಂದರೆ ಮರಳುಗಾಡಿನ ಉತ್ಸವ ಇರುತ್ತದೆ, ಗದ್ದಲ ಬೇಡದವರು ಆ ವಾರ ತಪ್ಪಿಸಿ.

ಈಗ ಕೋಟೆ. ನಿಯಮ ಒಂದೇ: ದಿನಕ್ಕೊಂದು ಕೋಟೆ, ಅದೂ ಬೆಳಿಗ್ಗೆ. ಜೋಧಪುರದ ಮೆಹ್ರಾನಗಢ ಊರಿಗಿಂತ ಸುಮಾರು 400 ಅಡಿ ಎತ್ತರದ ಬಂಡೆ ಮೇಲಿದೆ. ರಾವ್ ಜೋಧಾ 1459ರಲ್ಲಿ ಶುರು ಮಾಡಿದ್ದು. 9 ಗಂಟೆಗೆ ತೆರೆಯುತ್ತದೆ, ಆ ಹೊತ್ತಿಗೆ ಬಾಗಿಲಲ್ಲಿರಿ. ಎಲ್ಲರೂ ಹುರುಪಿನಲ್ಲಿ ಹತ್ತಲು ಶುರು ಮಾಡುತ್ತಾರೆ, ಅರ್ಧಕ್ಕೆ ಅಜ್ಜಿ ಕೂತುಬಿಡುತ್ತಾರೆ, ಒಬ್ಬರು ಅವರ ಜೊತೆ ಉಳಿಯಬೇಕಾಗುತ್ತದೆ, ಅಲ್ಲಿಗೆ ಅವರಿಬ್ಬರ ಕೋಟೆ ಮುಗಿಯಿತು. ಒಳಗೆ ಲಿಫ್ಟ್ ಇದೆ. ಅದಕ್ಕೆ ಬೇರೆ ಟಿಕೆಟು, ತೆಗೆದುಕೊಳ್ಳಿ, ಜಿಪುಣತನ ಬೇಡ. ಲಿಫ್ಟಿನಲ್ಲಿ ಮೇಲೆ ಹೋಗಿ ನಿಧಾನ ನೋಡುತ್ತಾ ಇಳಿದು ಬನ್ನಿ. ಇಳಿಜಾರಿನ ಕಲ್ಲು ನುಣುಪಾಗಿದೆ, ಹಿರಿಯರಿಗೆ ಚಪ್ಪಲಿ ಬೇಡ, ಹಿಡಿತವಿರುವ ಬೂಟೇ ಸರಿ.

ಇಳಿಯುವಾಗ ಬಾಗಿಲುಗಳನ್ನು ಬಿಡಬೇಡಿ. ಅರಮನೆಯ ಕನ್ನಡಿ ಕೋಣೆಗಿಂತ ಮಕ್ಕಳ ನೆನಪಿನಲ್ಲಿ ಉಳಿಯುವುದು ಇವೇ. ಒಂದರ ಗೋಡೆ ಮೇಲೆ ಜೈಪುರದ ಸೈನ್ಯ ಹೊಡೆದ ತೋಪಿನ ಗುಂಡಿನ ಗುರುತುಗಳಿವೆ, ಬೆರಳಿಟ್ಟು ತೋರಿಸಬಹುದು. ಲೋಹಾ ಪೋಲ್ ಅನ್ನುವ ಬಾಗಿಲ ಹತ್ತಿರ ದಾರಿ ಥಟ್ಟನೆ ತಿರುಗುತ್ತದೆ. ಆನೆ ಓಡಿ ಬಂದು ಗುದ್ದಲು ಜಾಗವೇ ಸಿಗಬಾರದು ಅಂತ. ಗುದ್ದಿದರೂ ಬಾಗಿಲಿಗೆ ಕಬ್ಬಿಣದ ಮೊಳೆಗಳಿವೆ. ಅದೇ ಬಾಗಿಲ ಪಕ್ಕ ಗೋಡೆಯಲ್ಲಿ ಪುಟ್ಟ ಪುಟ್ಟ ಅಂಗೈಗಳ ಸಾಲು, ಮೇಲೆ ಕುಂಕುಮದ ಬಣ್ಣ ಹಚ್ಚಿದ್ದು. 1843ರಲ್ಲಿ ಮಹಾರಾಜ ಮಾನ್‌ಸಿಂಗ್ ತೀರಿಕೊಂಡಾಗ ಸತಿ ಹೋದ ರಾಣಿಯರ ಕೈಗುರುತು ಅನ್ನುತ್ತಾರೆ. ನಮ್ಮ ಕಡೆಯ ಮಾಸ್ತಿಗಲ್ಲುಗಳಲ್ಲಿ ಮೇಲೆತ್ತಿದ ಕೈ ಇರುತ್ತದಲ್ಲ, ಅದನ್ನು ಕಂಡ ಮಕ್ಕಳು ತಾವೇ ಪ್ರಶ್ನೆ ಕೇಳುತ್ತಾರೆ. ಉತ್ತರ ಯೋಚಿಸಿಟ್ಟುಕೊಳ್ಳಿ.

ಗೈಡ್ ಬೇಡ, ಆಡಿಯೊ ಗೈಡ್ ಸಾಕು. ಹಿಂದಿ, ಇಂಗ್ಲಿಷಿನಲ್ಲಿ ಸಿಗುತ್ತದೆ. ಸಂಜೆ ಕೆಳಗಿನ ಹಳೇ ಊರಲ್ಲಿ ತೂರ್‌ಜಿ ಕಾ ಝಾಲ್ರಾ ನೋಡಿ, 18ನೇ ಶತಮಾನದ ಮೆಟ್ಟಿಲುಬಾವಿ. ಲಕ್ಕುಂಡಿಯ ಮುಸುಕಿನ ಬಾವಿ ನೋಡಿದ ಗದಗದವರು ಅಲ್ಲಿ ಅರ್ಧ ಗಂಟೆ ಆರಾಮಾಗಿ ಹೋಲಿಸುತ್ತಾ ಕೂರಬಹುದು. ಉಮೇದ್ ಭವನ ಅರಮನೆಗೆ ಆಟೊ ದುಡ್ಡು ಹಾಕಬೇಡಿ. ಬಹುಭಾಗ ಹೋಟೆಲು ಮತ್ತು ರಾಜಮನೆತನದ ವಾಸ, ನಿಮಗೆ ಸಿಗುವುದು ಮ್ಯೂಸಿಯಂ ಮಾತ್ರ.

ಜೋಧಪುರದಿಂದ ಜೈಸಲ್ಮೇರ್‌ಗೆ ರೈಲೇ ಒಳ್ಳೆಯದು, ಐದಾರು ಗಂಟೆ.

1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಜೈಸಲ್ಮೇರ್ ಕೋಟೆಯಲ್ಲಿ ಇವತ್ತಿಗೂ ಜನ ಸಂಸಾರ ಮಾಡುತ್ತಾರೆ. 99 ಕೊತ್ತಳಗಳ ನಡುವೆ ಓಣಿ, ಬಟ್ಟೆ ಒಣಗಿಸಿದ ಹಗ್ಗ, ದಾರಿಗಡ್ಡ ಮಲಗಿದ ಹಸು. ಒಳಗೆ ಹೋಗಲು ಟಿಕೆಟಿಲ್ಲ, ಅರಮನೆ ಮತ್ತು ಜೈನ ಬಸದಿಗಳಿಗೆ ಮಾತ್ರ. ಬಸದಿಯೊಳಗೆ ಚರ್ಮದ ಬೆಲ್ಟು, ಪರ್ಸು ಬಿಡುವುದಿಲ್ಲ, ರೂಮಲ್ಲೇ ಇಟ್ಟು ಬನ್ನಿ. ಬೆಳಿಗ್ಗೆ ಬೇಗ ಹೋಗಿ, ಪ್ರವಾಸಿಗರಿಗೆ ಸಮಯ ಕಡಿಮೆ.

ಕೋಟೆಯೊಳಗಿನ ಹೋಟೆಲುಗಳು ಆ್ಯಪಿನಲ್ಲಿ ಚೆಂದ ಕಾಣುತ್ತವೆ. ಅಲ್ಲಿ ಉಳಿಯಬೇಡಿ. ಈ ಕೋಟೆ ಕಟ್ಟಿದ ಕಾಲದಲ್ಲಿ ನೀರು ಕೊಡದಲ್ಲಿ ಬರುತ್ತಿತ್ತು. ನಲ್ಲಿ, ಬಾತ್‌ರೂಮು ಬಂದ ಮೇಲೆ ನೀರು ಅಡಿಯ ಮಣ್ಣಿಗೆ ಇಳಿದು ಕೊತ್ತಳಗಳೇ ಕುಸಿದಿವೆ. ಕೆಳಗಿನ ಊರಲ್ಲಿ ರೂಮು ಮಾಡಿ. ಮಾಳಿಗೆ ಮೇಲಿಂದ ಇಡೀ ಕೋಟೆ ಕಾಣುತ್ತದೆ, ಒಳಗಿದ್ದರೆ ಅದು ಕಾಣುವುದೇ ಇಲ್ಲ.

ಮರಳುದಿಬ್ಬ ನೋಡಲು ಸಮ್ ಅನ್ನುವ ಊರಿದೆ, ಜೈಸಲ್ಮೇರ್‌ನಿಂದ ಸುಮಾರು 40 ಕಿ.ಮೀ. ಕ್ಯಾಂಪು ಒಂದರ ಪಕ್ಕ ಒಂದು, ರಾತ್ರಿಯಿಡೀ ಡಿಜೆ. ಕೂಗಾಟ ಬೇಡ ಅಂದರೆ ಖುರಿ ಅನ್ನುವ ಹಳ್ಳಿ ಕಡೆ ಹೋಗಿ. ಸಣ್ಣ ಮಕ್ಕಳಿದ್ದರೆ ಟೆಂಟಿನಲ್ಲಿ ಮಲಗುವ ಆಸೆ ಬಿಡಿ. ಜನವರಿ ರಾತ್ರಿ 10 ಡಿಗ್ರಿಗಿಂತ ಕೆಳಗೆ ಹೋಗುತ್ತದೆ, ನಮ್ಮ ಧಾರವಾಡದ ಚಳಿ ಅಲ್ಲ ಅದು. ಸಂಜೆ ಒಂಟೆ ಹತ್ತಿ, ಸೂರ್ಯ ಮುಳುಗುವುದನ್ನು ನೋಡಿ, ಅಲ್ಲಿನ ಜಾನಪದ ಹಾಡುಗಾರರಾದ ಮಾಂಗಣಿಯಾರರ ಹಾಡು ಕೇಳಿ, ಊಟ ಮುಗಿಸಿ ಊರಿಗೆ ವಾಪಸ್. ಏನೇನು ಸೇರಿದೆ ಅಂತ ಮೊದಲೇ ವಾಟ್ಸ್ಆ್ಯಪಿನಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ಜೀಪಿಗೆ ಬೇರೆ, ಒಂಟೆಗೆ ಬೇರೆ, ಕೊನೆಗೆ ಚಹಾಕ್ಕೂ ಬೇರೆ.

ಊಟದ ಚಿಂತೆ ಬೇಡ. ಸಜ್ಜೆ ರೊಟ್ಟಿ ಅಲ್ಲಿ ಮನೆ ಮಾತು, ಮೇಲೆ ತುಪ್ಪ ಸುರಿಯುತ್ತಾರೆ. ಕೇರ್ ಸಾಂಗ್ರಿ ಪಲ್ಯ ತಿನ್ನಲೇಬೇಕು. ಮೂರನೇ ದಿನಕ್ಕೆ ಎಣ್ಣೆ ಸಾಕಾಗುತ್ತದೆ, ಅದಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿ ಚೀಲದಲ್ಲಿರಲಿ.

ಖರೀದಿಗೆ ಡ್ರೈವರ್ ಕರೆದುಕೊಂಡು ಹೋಗುವ "ಸರ್ಕಾರಿ" ಅಂಗಡಿಗೆ ಹೋಗಬೇಡಿ. ಬೋರ್ಡು ಮಾತ್ರ ಸರ್ಕಾರಿ, ಅವನ ಕಮಿಷನ್ ನಿಮ್ಮ ಬಿಲ್ಲಲ್ಲೇ ಇರುತ್ತದೆ. ಹೆಪ್ಪು ಹಾಕದೇ ಹಾಲು ಮೊಸರಾಗುತ್ತದೆ ಅಂತ ಜೈಸಲ್ಮೇರ್‌ನಲ್ಲಿ ಹಾಬೂರ್ ಕಲ್ಲಿನ ಬಟ್ಟಲು ಮಾರುತ್ತಾರೆ. ಚೆಂದ ಕಂಡರೆ ಶೋಕೇಸಿಗೆ ತನ್ನಿ, ಮೊಸರಿಗೆ ಅಂತ ತರಬೇಡಿ. ಮೋಜಡಿ (ಅಲ್ಲಿನ ಚರ್ಮದ ಜೋಡು) ಕೊಳ್ಳುವವರು ಸಂಜೆ ಕೊಳ್ಳಿ, ದಿನವಿಡೀ ನಡೆದು ಕಾಲು ಊದಿರುತ್ತದೆ, ಆಗ ಸರಿಯಾಗುವ ಅಳತೆಯೇ ಊರಿಗೆ ಬಂದ ಮೇಲೂ ಕಚ್ಚುವುದಿಲ್ಲ.