ಕ್ಯಾಮೆರಾ ರಾ ಫೈಲ್: ಪ್ರಿವ್ಯೂ ಕಾಣಿಸಲು ಒಂದು ದಾರಿ, ತೆರೆಯಲು ಇನ್ನೊಂದು

ಕಾರ್ಡಿನಿಂದ ಫೈಲ್‌ಗಳನ್ನು ಕಂಪ್ಯೂಟರಿಗೆ ಇಳಿಸಿ ಫೋಲ್ಡರ್ ತೆರೆದರೆ ಜೆಪೆಗ್‌ಗಳೆಲ್ಲ ಚಿತ್ರವಾಗಿ ಕಾಣುತ್ತವೆ. ಸೆನ್ಸರಿನ ಕಚ್ಚಾ ಮಾಹಿತಿಯಿರುವ ರಾ ಫೈಲ್‌ಗಳು ಮಾತ್ರ ಒಂದೇ ಅಚ್ಚಿನ ಬಿಳಿ ಐಕಾನ್‌ಗಳಾಗಿ ಸಾಲುಗಟ್ಟಿ ಕೂತಿರುತ್ತವೆ. ಆಗ ಸಿಗುವ ಸಲಹೆ ಒಂದೇ: ಯಾವುದಾದರೂ ಕೋಡೆಕ್ (ಆ ಬಗೆಯ ಫೈಲ್ ಬಿಡಿಸುವ ತಂತ್ರಾಂಶ) ಹಾಕಿ. ನಾನು ಮೊದಲು ಏನನ್ನೂ ಹಾಕುವುದಿಲ್ಲ. ಪ್ರಿವ್ಯೂ ಕಾಣದಿರುವುದು ಒಂದು ತೊಂದರೆ, ಫೈಲ್ ತೆರೆಯದಿರುವುದು ಬೇರೆಯೇ ತೊಂದರೆ. ಎರಡನ್ನೂ ಕಲಸಿಕೊಂಡರೆ ನಾಲ್ಕು ತಂತ್ರಾಂಶ ಹಾಕಿದ ಮೇಲೂ ಐಕಾನ್ ಬಿಳಿಯಾಗಿಯೇ ಇರುತ್ತದೆ.

ರಾ ಫೈಲ್‌ನ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಸೆನ್ಸರಿನ ಒಂದೊಂದು ಬಿಂದುವೂ ಕೆಂಪು, ಹಸಿರು, ನೀಲಿಗಳಲ್ಲಿ ಯಾವುದೋ ಒಂದನ್ನಷ್ಟೇ ಅಳೆದಿರುತ್ತದೆ. 24 ಮೆಗಾಪಿಕ್ಸೆಲ್, 14 ಬಿಟ್ ಎಂದರೆ ಒತ್ತಿ ಕುಗ್ಗಿಸದ ಲೆಕ್ಕದಲ್ಲಿ 42 ಎಂಬಿ. ಉಳಿದ ಎರಡು ಬಣ್ಣಗಳನ್ನು ಅಕ್ಕಪಕ್ಕದ ಬಿಂದುಗಳಿಂದ ಲೆಕ್ಕ ಹಾಕಿದ ಮೇಲೆಯೇ ಅದು ಚಿತ್ರವಾಗುವುದು. ಐನೂರು ಫೈಲ್‌ಗಳಿಗೆ ಐಕಾನ್ ತೋರಿಸಲು ಇಷ್ಟು ಕೆಲಸ ಮಾಡುತ್ತ ಕೂತರೆ ಯಂತ್ರ ಏಳುವುದಿಲ್ಲ. ಹಾಗಾಗಿ ಕ್ಯಾಮೆರಾವೇ ಪ್ರತಿ ರಾ ಫೈಲ್‌ನೊಳಗೆ ಸಿದ್ಧ ಜೆಪೆಗ್‌ಗಳನ್ನು ಸೇರಿಸಿಟ್ಟಿರುತ್ತದೆ. ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ನೀವು ನೋಡುವುದೂ ಅದನ್ನೇ. ಫೋಲ್ಡರಿನಲ್ಲಿ ಪುಟ್ಟ ಚಿತ್ರ, ಅಂದರೆ ಥಂಬ್‌ನೇಲ್, ತೋರಿಸಲು ಆ ಜೆಪೆಗನ್ನು ಹೊರಗೆಳೆದರೆ ಸಾಕು. ರಾ ಬಿಡಿಸುವ ವಿದ್ಯೆ ಬೇಕಾಗುವುದು ಫೈಲನ್ನು ನಿಜವಾಗಿ ತೆರೆಯುವಾಗ.

ಆದ್ದರಿಂದ ನನ್ನ ಮೊದಲ ಹೆಜ್ಜೆ ಎಕ್ಸಿಫ್‌ಟೂಲ್, ಚಿತ್ರದ ಫೈಲ್‌ನೊಳಗಿನ ಮಾಹಿತಿ ಓದುವ ಪ್ರೋಗ್ರಾಮ್. ವಿಂಡೋಸ್‌ನಲ್ಲಿ ಜಿಪ್ ಬಿಡಿಸಿದಾಗ ಹೆಸರಿನ ಕೊನೆಗೆ ಆವರಣದಲ್ಲಿ ಮೈನಸ್ ಕೆ ಎಂಬ ಬಾಲವಿರುತ್ತದೆ. ಅದನ್ನು ಅಳಿಸಿ ಬರೀ ಎಕ್ಸಿಫ್‌ಟೂಲ್ ಎಂದು ಉಳಿಸಿಕೊಳ್ಳಬೇಕು. ಈಚಿನ ಆವೃತ್ತಿಗಳಲ್ಲಿ ಜೊತೆಗೇ ಬರುವ ಫೋಲ್ಡರನ್ನೂ ಅದೇ ಜಾಗದಲ್ಲಿಡಬೇಕು. ಪ್ರೋಗ್ರಾಮನ್ನು ಮಾತ್ರ ಎತ್ತಿಕೊಂಡು ಹೋದರೆ ಅದು ಓಡುವುದಿಲ್ಲ. ಆಮೇಲೆ ಆಜ್ಞೆ ಬರೆಯುವ ಕಿಟಕಿಯಲ್ಲಿ ಪ್ರೋಗ್ರಾಮಿನ ಹೆಸರಿನ ನಂತರ ಮೈನಸ್ ಚಿಹ್ನೆ ಹಾಕಿ, ಪ್ರಿವ್ಯೂ, ಕೋಲನ್, ಆಲ್ ಎಂದು ಬರೆದು ಫೈಲ್ ಹೆಸರು ಕೊಟ್ಟರೆ ಒಳಗಿರುವ ಎಲ್ಲ ಜೆಪೆಗ್‌ಗಳ ಪಟ್ಟಿ ಬರುತ್ತದೆ. ಪ್ರತಿಯೊಂದರ ಎದುರು ಎಷ್ಟು ಬೈಟ್ ಎಂದೂ ಇರುತ್ತದೆ, ಆ ಸಂಖ್ಯೆಯೇ ಮುಖ್ಯ. ಕೆಲವೇ ಸಾವಿರವಿದ್ದರೆ ಅದು 160 × 120ರ ಪುಟಾಣಿ ಥಂಬ್‌ನೇಲ್. ಲಕ್ಷಗಳಲ್ಲಿದ್ದರೆ ಮಧ್ಯಮ ಗಾತ್ರದ ಪ್ರಿವ್ಯೂ: ಕ್ಯಾನನ್‌ನ ರಾ ಬಗೆಯಾದ ಸಿಆರ್3ರಲ್ಲಿ 1620 × 1080, ಸೋನಿಯ ಎಷ್ಟೋ ಮಾಡೆಲ್‌ಗಳ ಎಆರ್‌ಡಬ್ಲ್ಯೂನಲ್ಲಿ 1616 × 1080. ಹಲವು ಲಕ್ಷ ದಾಟಿ ಹತ್ತಿಪ್ಪತ್ತು ಲಕ್ಷ ಮುಟ್ಟಿದರೆ ಪೂರ್ತಿ ಗಾತ್ರದ ಜೆಪೆಗ್. ಅದರ ಟ್ಯಾಗ್‌ನ ಹೆಸರು ಸಾಮಾನ್ಯವಾಗಿ ಜೆಪಿಜಿ ಫ್ರಮ್ ರಾ. ಪಟ್ಟಿ ಸರಿಯಾಗಿ ಬಂದರೆ ಫೈಲ್‌ನಲ್ಲಿ ಪ್ರಿವ್ಯೂ ಇದೆ, ತೋರಿಸುವ ಕಡೆ ತಪ್ಪಿದೆ ಎಂದರ್ಥ. ಮೈನಸ್ ಬಿ ಸೇರಿಸಿ ಆ ಜೆಪೆಗನ್ನು ಹೊರಗೆ ತೆಗೆಯಲೂಬಹುದು. ತುರ್ತಿಗೆ ಯಾರಿಗಾದರೂ ಚಿತ್ರ ಕಳಿಸಬೇಕಿದ್ದರೆ ರಾ ತೆರೆಯುವ ಗೋಜೇ ಬೇಡ.

ಹೀಗೆ ತೆಗೆದ ಜೆಪೆಗ್‌ಗಳಲ್ಲಿ ನಿಂತ ಚಿತ್ರಗಳು ಮಲಗಿಬಿಡುವುದುಂಟು. ತಿರುಗಿಸಬೇಕೆಂಬ ಸೂಚನೆ ರಾ ಫೈಲ್‌ನ ಮೆಟಾಡೇಟಾದಲ್ಲಿ (ಚಿತ್ರದ ಬಗೆಗಿನ ವಿವರಗಳಲ್ಲಿ) ಇರುತ್ತದೆ, ಒಳಗಿನ ಜೆಪೆಗ್‌ನಲ್ಲಿ ಇಲ್ಲದಿರಬಹುದು. ಟ್ಯಾಗ್ಸ್ ಫ್ರಮ್ ಫೈಲ್ ಸ್ವಿಚ್ ಬಳಸಿ ಓರಿಯಂಟೇಷನ್ ಟ್ಯಾಗನ್ನು ಮೂಲದಿಂದ ನಕಲಿಸಿದರೆ ಸರಿಹೋಗುತ್ತದೆ.

ವಿಂಡೋಸ್ 10ರ 1903 ಆವೃತ್ತಿ ಮತ್ತು ಅದರ ನಂತರದವುಗಳಿಗೆ, ವಿಂಡೋಸ್ 11 ಸೇರಿ, ನಾನು ಹಾಕುವುದು ಒಂದೇ: ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಉಚಿತವಾಗಿ ಸಿಗುವ ರಾ ಇಮೇಜ್ ಎಕ್ಸ್‌ಟೆನ್ಷನ್. ಇದರ ಹಿಂದೆ ಇರುವುದು ಲಿಬ್‌ರಾ ಎಂಬ ಮುಕ್ತ ಲೈಬ್ರರಿ. ಹಾಕಿದ ಮೇಲೆ ಒಮ್ಮೆ ಸೈನ್ ಔಟ್ ಆಗಿ ಬರಬೇಕು. ಆಮೇಲೂ ಬಿಳಿ ಐಕಾನ್ ಇದ್ದರೆ ಕೋಡೆಕ್‌ಗೆ ಬೈಯುವ ಮೊದಲು ಮೂರು ಕಡೆ ನೋಡುತ್ತೇನೆ. ಫೋಲ್ಡರಿನ ನೋಟ ಲಿಸ್ಟ್ ಅಥವಾ ಡೀಟೇಲ್ಸ್ ಆಗಿದ್ದರೆ ಥಂಬ್‌ನೇಲ್ ಬರುವುದೇ ಇಲ್ಲ, ಮೀಡಿಯಂ ಐಕಾನ್ಸ್ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಫೋಲ್ಡರ್ ಆಯ್ಕೆಗಳ ವ್ಯೂ ಟ್ಯಾಬ್‌ನಲ್ಲಿ ಯಾವಾಗಲೂ ಐಕಾನ್ ತೋರಿಸು, ಥಂಬ್‌ನೇಲ್ ಬೇಡ ಎಂಬ ಗುರುತು ಬಿದ್ದಿರಬಾರದು. ಮೂರನೆಯದು ಹೆಚ್ಚಿನವರ ಕಣ್ಣಿಗೆ ಬೀಳದ ಜಾಗ: ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಟ್ಯಾಬ್, ಅಲ್ಲಿ ಪರ್ಫಾರ್ಮೆನ್ಸ್ ಸೆಟ್ಟಿಂಗ್ಸ್. ಯಂತ್ರ ಚುರುಕಾಗಲಿ ಎಂದು ಬೆಸ್ಟ್ ಪರ್ಫಾರ್ಮೆನ್ಸ್ ಆರಿಸಿದ್ದರೆ ಐಕಾನ್ ಬದಲು ಥಂಬ್‌ನೇಲ್ ತೋರಿಸುವ ಆಯ್ಕೆಯೂ ಸದ್ದಿಲ್ಲದೆ ಆರಿಹೋಗಿರುತ್ತದೆ.

ಮೂರೂ ಸರಿಯಿದ್ದರೆ ಉಳಿಯುವುದು ಹಳೆಯ ಕ್ಯಾಶ್, ಅಂದರೆ ಮೊದಲೇ ಉಳಿಸಿಟ್ಟ ಥಂಬ್‌ನೇಲ್‌ಗಳ ಸಂಗ್ರಹ. ಎಕ್ಸ್‌ಟೆನ್ಷನ್ ಹಾಕುವ ಮೊದಲೇ ಆ ಫೋಲ್ಡರ್ ನೋಡಿದ್ದರೆ ಇದಕ್ಕೆ ಚಿತ್ರವಿಲ್ಲ ಎಂದು ವಿಂಡೋಸ್ ನೆನಪಿಟ್ಟುಕೊಂಡಿರಬಹುದು. ಡಿಸ್ಕ್ ಕ್ಲೀನಪ್ ತೆರೆದು ಥಂಬ್‌ನೇಲ್ಸ್ ಸಾಲಿಗೆ ಮಾತ್ರ ಗುರುತು ಹಾಕಿ ಅಳಿಸಿದರೆ ಎಲ್ಲವೂ ಹೊಸದಾಗಿ ಹುಟ್ಟುತ್ತವೆ. ವಿಂಡೋಸ್ 7ರಂಥ ಹಳೆಯ ಯಂತ್ರಕ್ಕೆ ಕ್ಯಾಮೆರಾ ಕೋಡೆಕ್ ಪ್ಯಾಕ್ ಇತ್ತು. ಅಲ್ಲಿ ವ್ಯವಸ್ಥೆ 64 ಬಿಟ್ ಆಗಿದ್ದರೆ ಕೋಡೆಕ್ಕೂ 64 ಬಿಟ್ಟಿನದೇ ಬೇಕು. ಇರ್ಫಾನ್‌ವ್ಯೂ ಎಂಬ ಚಿತ್ರ ನೋಡುವ ಪ್ರೋಗ್ರಾಮ್ ಬಳಸುವವರಿಗೂ ಅದೇ ಮಾತು: 64 ಬಿಟ್ ಪ್ರೋಗ್ರಾಮಿಗೆ 32 ಬಿಟ್ ಪ್ಲಗಿನ್ ಹಾಕಿದರೆ ಅದು ಕಣ್ಣೆತ್ತಿಯೂ ನೋಡುವುದಿಲ್ಲ.

ಮ್ಯಾಕ್‌ನಲ್ಲಿ ಹಾಕುವುದಕ್ಕೇನೂ ಇಲ್ಲ. ರಾ ಬಿಡಿಸುವ ಭಾಗ ವ್ಯವಸ್ಥೆಯೊಳಗೇ ಇದೆ. ಫೈಂಡರ್, ಪ್ರಿವ್ಯೂ, ಫೋಟೋಸ್ ಮೂರೂ ಅದನ್ನೇ ಹಂಚಿಕೊಳ್ಳುತ್ತವೆ. ಆದ್ದರಿಂದ ಒಂದರಲ್ಲಿ ತೆರೆಯದ್ದು ಇನ್ನೊಂದರಲ್ಲೂ ತೆರೆಯುವುದಿಲ್ಲ. ನನ್ನ ಪರೀಕ್ಷೆ ಟರ್ಮಿನಲ್‌ನಲ್ಲಿ (ಆಜ್ಞೆ ಬರೆಯುವ ಕಿಟಕಿಯಲ್ಲಿ) ಸಿಪ್ಸ್ ಎಂಬ ಆಜ್ಞೆ. ಅದಕ್ಕೆ ರಾ ಫೈಲ್ ಕೊಟ್ಟು ಜೆಪೆಗ್ ಮಾಡು ಎಂದಾಗ ಮಾಡಿದರೆ ವ್ಯವಸ್ಥೆಗೆ ಆ ಕ್ಯಾಮೆರಾ ಗೊತ್ತು. ಆಗ ಕ್ಯೂಎಲ್‌ಮ್ಯಾನೇಜ್ ಆಜ್ಞೆಗೆ ಮೈನಸ್ ಆರ್ ಕೊಟ್ಟು ಒಮ್ಮೆ, ಕ್ಯಾಶ್ ಎಂಬ ಪದ ಸೇರಿಸಿ ಇನ್ನೊಮ್ಮೆ ಓಡಿಸಿ ಥಂಬ್‌ನೇಲ್ ತೋರಿಸುವ ಕ್ವಿಕ್ ಲುಕ್ ಅನ್ನು ಎಬ್ಬಿಸಿದರೆ ಸಾಕು. ಸಿಪ್ಸ್ ಕೈಚೆಲ್ಲಿದರೆ ಮ್ಯಾಕ್ಓಎಸ್ ಅಪ್‌ಡೇಟ್ ಆಗಬೇಕು; ಹೊಸ ಕ್ಯಾಮೆರಾಗಳ ಬೆಂಬಲ ಅದರೊಂದಿಗೇ ಬರುತ್ತದೆ.

ಲಿನಕ್ಸ್‌ನಲ್ಲಿ ಮಾತ್ರ ಕೈ ಕೆಸರು ಮಾಡಿಕೊಳ್ಳಬೇಕು, ಆದರೆ ಅಲ್ಲಿ ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ಕೆಡಿಇ ಡೆಸ್ಕ್‌ಟಾಪಿನಲ್ಲಿ ಫೋಲ್ಡರ್ ತೋರಿಸುವ ಡಾಲ್ಫಿನ್ ಬಳಸುವವರು ಕೆಡಿಇ ಗ್ರಾಫಿಕ್ಸ್ ಥಂಬ್‌ನೇಲರ್ಸ್ ಪ್ಯಾಕೇಜ್ ಹಾಕಿ, ಸೆಟ್ಟಿಂಗ್ಸ್‌ನ ಪ್ರಿವ್ಯೂಸ್ ಪಟ್ಟಿಯಲ್ಲಿ ರಾ ಫೋಟೋ ಸಾಲಿಗೆ ಗುರುತು ಹಾಕಿದರೆ ಮುಗಿಯಿತು. ಇನ್ನೊಂದು ಡೆಸ್ಕ್‌ಟಾಪ್ ಆದ ನೋಮ್‌ನಲ್ಲಿ ನಾನು ಸ್ವಂತ ಥಂಬ್‌ನೇಲರ್ (ಥಂಬ್‌ನೇಲ್ ತಯಾರಿಸುವ ಪ್ರೋಗ್ರಾಮ್) ಬರೆದುಕೊಂಡಿದ್ದೇನೆ. ಬೇಕಾದ್ದು ಎರಡು ಫೈಲ್. ಮೊದಲನೆಯದು ಡಾಟ್ ಥಂಬ್‌ನೇಲರ್ ಎಂದು ಮುಗಿಯುವ ನಾಲ್ಕು ಸಾಲಿನ ಪಠ್ಯ. ಯುಎಸ್‌ಆರ್ ಕೆಳಗಿನ ಶೇರ್ ಒಳಗೆ ಥಂಬ್‌ನೇಲರ್ಸ್ ಫೋಲ್ಡರಿನಲ್ಲಿರುತ್ತದೆ. ಯಾವ ಮೈಮ್ ಬಗೆಗಳಿಗೆ (ಫೈಲ್ ಜಾತಿಗಳಿಗೆ) ಯಾವ ಸ್ಕ್ರಿಪ್ಟ್ (ಆಜ್ಞೆಗಳ ಪಟ್ಟಿ) ಓಡಬೇಕು ಎಂದು ಅದು ಹೇಳುತ್ತದೆ. ಸ್ಕ್ರಿಪ್ಟಿಗೆ ಪರ್ಸೆಂಟ್ ಐ ಮೂಲ ಫೈಲನ್ನು, ಪರ್ಸೆಂಟ್ ಓ ಫಲಿತಾಂಶ ಬರೆಯುವ ಜಾಗವನ್ನು, ಪರ್ಸೆಂಟ್ ಎಸ್ ಪಿಕ್ಸೆಲ್ ಗಾತ್ರವನ್ನು ಕೊಡುತ್ತವೆ. ಎರಡನೆಯದು ಆ ಸ್ಕ್ರಿಪ್ಟ್: ಎಕ್ಸಿಫ್‌ಟೂಲ್‌ನಿಂದ ಜೆಪೆಗ್ ತೆಗೆ, ಚಿತ್ರ ತಿದ್ದುವ ಇಮೇಜ್‌ಮ್ಯಾಜಿಕ್‌ಗೆ ಕೊಟ್ಟು ಕುಗ್ಗಿಸು, ಪಿಎನ್‌ಜಿಯಾಗಿ ಬರೆ.

ಯಾವ ಜೆಪೆಗ್ ತೆಗೆಯಬೇಕು ಎಂಬುದರಲ್ಲಿ ಎಡವುವುದು ಸುಲಭ. 160 × 120ರದ್ದು ಬೇಗ ಬರುತ್ತದೆ, ಆದರೆ ಚಿತ್ರ 3:2, ಚೌಕಟ್ಟು 4:3. ಹಾಗಾಗಿ ಮೇಲೂ ಕೆಳಗೂ ಕಪ್ಪು ಪಟ್ಟಿ ಕೂತಿರುತ್ತದೆ, ದೊಡ್ಡದು ಮಾಡಿದರೆ ಮಸುಕು. ಪೂರ್ತಿ ಗಾತ್ರದ್ದು ಚೆನ್ನಾಗಿರುತ್ತದೆ, ಆದರೆ ದೊಡ್ಡ ಫೋಲ್ಡರಿನಲ್ಲಿ ನಿಧಾನ. ನನ್ನ ಸ್ಕ್ರಿಪ್ಟ್ ಮೊದಲು ಪ್ರಿವ್ಯೂ ಇಮೇಜ್ ಕೇಳುತ್ತದೆ. ಸಿಗದಿದ್ದರೆ ಜೆಪಿಜಿ ಫ್ರಮ್ ರಾ, ಕೊನೆಗೆ ಥಂಬ್‌ನೇಲ್ ಇಮೇಜ್. ಓರಿಯಂಟೇಷನ್ ಅನ್ನು ಮೂಲ ಫೈಲ್‌ನಿಂದ ಅಂಕಿಯಾಗಿ ಓದಿಕೊಳ್ಳುತ್ತೇನೆ: 6 ಬಂದರೆ ಬಲಕ್ಕೆ 90 ಡಿಗ್ರಿ, 8 ಬಂದರೆ 270.

ಸ್ಕ್ರಿಪ್ಟ್ ಟರ್ಮಿನಲ್‌ನಲ್ಲಿ ಸೊಗಸಾಗಿ ಓಡುತ್ತದೆ, ಫೋಲ್ಡರಿನಲ್ಲಿ ಮಾತ್ರ ಏನೂ ಬರುವುದಿಲ್ಲ. ಈ ಸ್ಥಿತಿ ಬಂದರೆ ಕಾರಣ ಬಹುಪಾಲು ಸ್ಯಾಂಡ್‌ಬಾಕ್ಸ್. ನೋಮ್ ಥಂಬ್‌ನೇಲರ್‌ಗಳನ್ನು ಬಬಲ್‌ರ‍್ಯಾಪ್ ಎಂಬ ಬೇಲಿಯೊಳಗೆ ಓಡಿಸುತ್ತದೆ, ಅಲ್ಲಿಂದ ಹೋಮ್ ಫೋಲ್ಡರ್ ಕಾಣುವುದಿಲ್ಲ. ಸ್ಕ್ರಿಪ್ಟ್ ಹೋಮ್‌ನಲ್ಲಿದ್ದರೆ ಅದು ಇಲ್ಲವೆಂದೇ ಲೆಕ್ಕ. ಯುಎಸ್‌ಆರ್ ಲೋಕಲ್ ಬಿನ್‌ಗೆ ಸರಿಸಿ ಓಡುವ ಅನುಮತಿ ಕೊಡಬೇಕು. ಇನ್ನೊಂದು ಕಾಟವೆಂದರೆ ವಿಫಲವಾದ ಪ್ರಯತ್ನಗಳ ದಾಖಲೆ. ಹೋಮ್‌ನ ಕ್ಯಾಶ್ ಫೋಲ್ಡರಿನೊಳಗೆ ಥಂಬ್‌ನೇಲ್ಸ್, ಅದರೊಳಗೆ ಫೇಲ್ ಎಂಬ ಫೋಲ್ಡರ್ ಇದೆ. ಒಮ್ಮೆ ಸೋತ ಫೈಲ್‌ನ ಹೆಸರು ಅಲ್ಲಿ ಬಿದ್ದರೆ, ಆ ಫೈಲ್ ಬದಲಾಗುವವರೆಗೆ ನೋಮ್ ಮತ್ತೆ ಪ್ರಯತ್ನಿಸುವುದಿಲ್ಲ. ಸ್ಕ್ರಿಪ್ಟ್ ತಿದ್ದಿದಾಗಲೆಲ್ಲ ಫೇಲ್ ಫೋಲ್ಡರ್ ಅಳಿಸಿ, ನಾಟಿಲಸ್‌ಗೆ (ನೋಮ್‌ನ ಫೈಲ್ಸ್ ಪ್ರೋಗ್ರಾಮಿಗೆ) ಮೈನಸ್ ಕ್ಯೂ ಕೊಟ್ಟು ಮುಚ್ಚಿ ಮತ್ತೆ ತೆರೆಯಬೇಕು. ಫೈಲ್ಸ್ ಪ್ರೋಗ್ರಾಮಿನ ಆದ್ಯತೆಗಳಲ್ಲಿ ಥಂಬ್‌ನೇಲಿಗೆ ಗಾತ್ರದ ಮಿತಿಯೂ ಇದೆ. 50 ಎಂಬಿ ಮಿತಿಯಿದ್ದರೆ 45 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರಗಳಲ್ಲಿ ಅರ್ಧ ಕಾಣುತ್ತವೆ, ಅರ್ಧ ಕಾಣುವುದಿಲ್ಲ. ಯಾವ ತರ್ಕವೂ ಇಲ್ಲದಂತೆ ತೋರುವ ತೊಂದರೆ ಇದು, ಗಾತ್ರದ ಪ್ರಕಾರ ಜೋಡಿಸಿ ನೋಡಿದರೆ ಗೆರೆ ಎಳೆದಂತೆ ಗೊತ್ತಾಗುತ್ತದೆ.

ಪ್ರಿವ್ಯೂ ಬಂತು, ಇನ್ನು ತೆರೆಯುವ ವಿಚಾರ. ಇಲ್ಲಿ ಫೈಲ್ ಹೆಸರಿನ ಕೊನೆಯ ಎಕ್ಸ್‌ಟೆನ್ಷನ್ ನೋಡಿ ಮೋಸ ಹೋಗಬಾರದು. ನಿಕಾನ್ 1999ರ ಡಿ1 ಕಾಲದಿಂದ ಇಂದಿನ ಜೆಡ್ ಸರಣಿಯವರೆಗೂ ತನ್ನ ರಾ ಫೈಲ್‌ಗಳಿಗೆ ಎನ್‌ಇಎಫ್ ಎಂಬ ಒಂದೇ ಹೆಸರಿಡುತ್ತ ಬಂದಿದೆ, ಒಳಗಿನ ಕಟ್ಟಣೆ ಮಾತ್ರ ಬದಲಾಗುತ್ತಲೇ ಇದೆ. ನನ್ನ ಪ್ರೋಗ್ರಾಮ್ ಎನ್‌ಇಎಫ್ ತೆರೆಯುತ್ತದೆ ಎಂಬ ಮಾತಿಗೆ ಅರ್ಥವಿಲ್ಲ; ಯಾವ ಕ್ಯಾಮೆರಾದ, ಯಾವ ವಿಧಾನದಲ್ಲಿ ಕುಗ್ಗಿಸಿದ ಎನ್‌ಇಎಫ್ ಎಂದು ಕೇಳಬೇಕು. 2021ರ ಜೆಡ್9 ತಂದ ಹೈ ಎಫಿಷಿಯೆನ್ಸಿ ವಿಧಾನವನ್ನು ಮುಕ್ತ ತಂತ್ರಾಂಶಗಳು ಬಹುಕಾಲ ಬಿಡಿಸಲಾಗಲಿಲ್ಲ, ಅದೇ ಕ್ಯಾಮೆರಾದ ಲಾಸ್‌ಲೆಸ್ (ಮಾಹಿತಿ ಕಳೆಯದೆ ಕುಗ್ಗಿಸಿದ) ಫೈಲ್‌ಗಳಿಗೆ ಆ ತಕರಾರಿಲ್ಲ. ಹಾಗಾಗಿ ಲಿನಕ್ಸ್ ಬಳಸುವವರಿಗೆ ಕ್ಯಾಮೆರಾದ ಮೆನುವಿನಲ್ಲೇ ಲಾಸ್‌ಲೆಸ್ ಆರಿಸಿ ಎನ್ನುತ್ತೇನೆ. ಕ್ಯಾನನ್‌ದು ಇನ್ನೊಂದು ಬಗೆ. ಅದರ ಹಳೆಯ ಬಗೆ ಸಿಆರ್2 ಟಿಫ್ ಎಂಬ ಚಿತ್ರ ಬಗೆಯ ಅಡಿಪಾಯದ ಮೇಲೆ ನಿಂತದ್ದು. 2018ರಲ್ಲಿ ಇಓಎಸ್ ಎಂ50 ಜೊತೆ ಬಂದ ಸಿಆರ್3 ವಿಡಿಯೋ ಫೈಲ್‌ಗಳ ಪೆಟ್ಟಿಗೆಯನ್ನೇ ಎರವಲು ಪಡೆದದ್ದು. ಎಕ್ಸ್‌ಟೆನ್ಷನ್ ಬದಲಿಸಿ ಸಿಆರ್2 ಎಂದು ಬರೆದರೆ ಹಳೆಯ ತಂತ್ರಾಂಶ ಮೋಸ ಹೋಗುವುದಿಲ್ಲ. ರಾ ಬಿಡಿಸುವ ಮುಕ್ತ ತಂತ್ರಾಂಶ ಡಾರ್ಕ್‌ಟೇಬಲ್‌ಗೆ ಸಿಆರ್3 ಬಂದದ್ದು 3.8 ಆವೃತ್ತಿಯಲ್ಲಿ, ಅದಕ್ಕಿಂತ ಹಳೆಯದಿದ್ದರೆ ಮೊದಲು ಅದನ್ನು ಬದಲಿಸಿ.

ಎಕ್ಸಿಫ್‌ಟೂಲ್‌ನಿಂದ ಕ್ಯಾಮೆರಾದ ಮಾಡೆಲ್ ಹೆಸರನ್ನೇ ಹಳೆಯ ಮಾಡೆಲ್‌ಗೆ ತಿದ್ದುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಫೈಲ್ ಒಮ್ಮೊಮ್ಮೆ ತೆರೆಯುತ್ತದೆ ನಿಜ. ಆದರೆ ಕಪ್ಪಿನ ಮಟ್ಟ, ಬಣ್ಣದ ಮ್ಯಾಟ್ರಿಕ್ಸ್ (ಬಣ್ಣ ಲೆಕ್ಕ ಹಾಕುವ ಕೋಷ್ಟಕ) ಎಲ್ಲವೂ ಬೇರೆ ಸೆನ್ಸರಿನವು. ನೆರಳಿನಲ್ಲಿ ನೇರಳೆ ಛಾಯೆ ಬಂದರೆ ಆಶ್ಚರ್ಯವಿಲ್ಲ. ಪ್ರತಿಯ ಮೇಲೆ ಮಾಡಿ ನೋಡಬಹುದು, ಮೂಲದ ಮೇಲೆ ಮಾತ್ರ ಬೇಡ.

ಹಳೆಯ ಫೋಟೋಶಾಪ್ ಬಿಡಲಾಗದವರಿಗೆ ಸರಿಯಾದ ದಾರಿ ಅಡೋಬಿಯ ಉಚಿತ ಡಿಎನ್‌ಜಿ ಕನ್ವರ್ಟರ್; ರಾ ಫೈಲ್‌ಗಳನ್ನು ಅದು ಅಡೋಬಿಯದೇ ರಾ ಬಗೆಯಾದ ಡಿಎನ್‌ಜಿಗೆ ಬದಲಿಸುತ್ತದೆ. ಉದಾಹರಣೆಗೆ ಫೋಟೋಶಾಪ್ ಸಿಎಸ್6ಗೆ, ರಾ ಬಿಡಿಸುವ ಅದರ ಪ್ಲಗಿನ್ ಆದ ಕ್ಯಾಮೆರಾ ರಾ 9.1.1ರ ನಂತರ ಹೊಸ ಕ್ಯಾಮೆರಾ ಸೇರಲಿಲ್ಲ; ಕನ್ವರ್ಟರ್‌ನ ಹೊಸ ಆವೃತ್ತಿಯಿಂದ ಡಿಎನ್‌ಜಿ ಮಾಡಿಕೊಟ್ಟರೆ ಅದು ತೆರೆಯುತ್ತದೆ. ಕನ್ವರ್ಟರ್ ಒಂಟಿ ಫೈಲನ್ನು ಆರಿಸಲು ಬಿಡುವುದಿಲ್ಲ, ಫೋಲ್ಡರ್ ಕೊಡಬೇಕು. ಫೋಲ್ಡರಿನೊಳಗೆ ಹೋಗಿ ಖಾಲಿಯಾಗಿ ಕಾಣುತ್ತಿದೆ ಎಂದು ಕಂಗಾಲಾಗುವವರು ಒಂದು ಮೆಟ್ಟಿಲು ಮೇಲೆ ಬಂದು ಫೋಲ್ಡರನ್ನೇ ಆರಿಸಬೇಕು. ಪ್ರಿಫರೆನ್ಸಸ್‌ನಲ್ಲಿ ಹೊಂದಾಣಿಕೆಯನ್ನು ನಿಮ್ಮ ಹಳೆಯ ಆವೃತ್ತಿಗೆ ತಕ್ಕಂತೆ ಇಳಿಸಿ, ಜೆಪೆಗ್ ಪ್ರಿವ್ಯೂ ಫುಲ್ ಸೈಜ್ ಇಡಿ, ಮಾಹಿತಿ ಕಳೆದು ಕುಗ್ಗಿಸುವ ಲಾಸಿ ಆಯ್ಕೆಗೆ ಗುರುತು ಬೇಡ. ಲೀನಿಯರ್ ಆಯ್ಕೆಯನ್ನೂ ಮುಟ್ಟಬೇಡಿ. ಪ್ರತಿ ಬಿಂದುವಿಗೂ ಮೂರು ಬಣ್ಣ ಬರೆದಿಡುವುದರಿಂದ ಫೈಲ್ ಸುಮಾರು ಮೂರು ಪಟ್ಟು ಉಬ್ಬುತ್ತದೆ.

ತೆರೆದ ಕೂಡಲೇ ಚಿತ್ರದ ಬಣ್ಣ ಬದಲಾಯಿತು, ಫೈಲ್ ಕೆಟ್ಟಿದೆ ಎಂಬ ದೂರು ಬಹಳ ಕೇಳಿಬರುತ್ತದೆ. ಕೆಟ್ಟಿಲ್ಲ. ಮೊದಲ ಕ್ಷಣ ಕಂಡದ್ದು ಕ್ಯಾಮೆರಾ ತನ್ನ ಪಿಕ್ಚರ್ ಸ್ಟೈಲ್ ಬಳಿದ ಜೆಪೆಗ್, ಆಮೇಲೆ ಬಂದದ್ದು ತಂತ್ರಾಂಶ ತಾನೇ ಬಿಡಿಸಿದ ರಾ. ಕ್ಯಾಮೆರಾವನ್ನು ಮಾನೋಕ್ರೋಮ್‌ನಲ್ಲಿಟ್ಟು ತೆಗೆದರೆ ಥಂಬ್‌ನೇಲ್ ಕಪ್ಪುಬಿಳುಪು, ತೆರೆದಾಗ ಬಣ್ಣ.

ನಿಜವಾಗಿ ಕೆಟ್ಟಿರುವ ಫೈಲ್‌ನ ಲಕ್ಷಣ ಬೇರೆ: ಥಂಬ್‌ನೇಲ್ ಚೆನ್ನಾಗಿರುತ್ತದೆ, ತೆರೆದರೆ ಯಾವ ತಂತ್ರಾಂಶವೂ ಒಪ್ಪುವುದಿಲ್ಲ, ಅಥವಾ ಕೆಳಗಿನ ಅರ್ಧ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಬಹಳಷ್ಟು ರಾ ಬಗೆಗಳಲ್ಲಿ ಪ್ರಿವ್ಯೂ ಮುಂಭಾಗದಲ್ಲಿ, ಸೆನ್ಸರಿನ ಮಾಹಿತಿ ಹಿಂದೆ ಇರುತ್ತದೆ. ನಕಲು ನಡುವೆ ನಿಂತರೆ ತಲೆ ಉಳಿಯುತ್ತದೆ, ಬಾಲ ಹೋಗುತ್ತದೆ. ಕೋಡೆಕ್ ಹುಡುಕುವ ಮೊದಲು ಆ ಫೈಲ್‌ನ ಗಾತ್ರವನ್ನು ಕಾರ್ಡಿನಲ್ಲಿರುವ ಮೂಲದ ಜೊತೆ ಬೈಟ್ ಲೆಕ್ಕದಲ್ಲಿ ಹೋಲಿಸುತ್ತೇನೆ. ಕಡಿಮೆಯಿದ್ದರೆ ಬೇರೆ ಕಾರ್ಡ್ ರೀಡರಿನಿಂದ ಮತ್ತೆ ನಕಲಿಸುತ್ತೇನೆ. ಗಾತ್ರ ಸರಿಯಿದ್ದೂ ತೆರೆಯದಿದ್ದರೆ ಹೆಕ್ಸ್ ಎಡಿಟರಿನಲ್ಲಿ (ಫೈಲ್‌ನ ಬೈಟ್‌ಗಳನ್ನೇ ತೋರಿಸುವ ಪ್ರೋಗ್ರಾಮಿನಲ್ಲಿ) ಮೊದಲ ಸಾಲು ನೋಡುತ್ತೇನೆ: ಸಿಆರ್3 ಆದರೆ ಐದನೆಯ ಬೈಟ್‌ನಿಂದ ಎಫ್‌ಟಿವೈಪಿ, ಅದರ ಬೆನ್ನಿಗೇ ಸಿಆರ್‌ಎಕ್ಸ್ ಅಕ್ಷರಗಳು, ಫ್ಯೂಜಿಯ ಆರ್‌ಎಎಫ್ ಆದರೆ ಮೊದಲಿಗೇ ಫ್ಯೂಜಿಫಿಲ್ಮ್ ಎಂಬ ಹೆಸರು. ಆ ಜಾಗದಲ್ಲಿ ಬರೀ ಸೊನ್ನೆಗಳಿದ್ದರೆ ಕಾರ್ಡಿಗೆ ಹೊಸ ಚಿತ್ರ ಬರೆಯುವುದನ್ನು ಆ ಕ್ಷಣಕ್ಕೇ ನಿಲ್ಲಿಸಿ, ರಿಕವರಿ ಪ್ರೋಗ್ರಾಮನ್ನು ಕಾರ್ಡಿನ ಪೂರ್ತಿ ನಕಲಿನ ಮೇಲೆ ಓಡಿಸುತ್ತೇನೆ.